ಫೈರ್ ಎಂಜಿನ್ ಅಂಕಲ್

ಮಾಸ್ತರರು ತೀರಿಕೊಂಡ ಸುದ್ದಿ ನಮ್ಮ ಕನ್ನಡ ಸಂಘದ ವಾಟ್ಸ್ಯಾಪ್ ಗುಂಪಿಗೆ ಬಂದದ್ದು ಗುರುವಾರ ಬೆಳಿಗ್ಗೆ, ಆಕ್ಲೆಂಡಿನ ಬಾಟನಿ ಬಡಾವಣೆಯಲ್ಲಿ ನಾನು ಕೆಲಸ ಮಾಡುವ ಹಲ್ಲಿನ ಕ್ಲಿನಿಕ್ಕಿನ ಬಾಗಿಲು ತೆಗೆದು ಹೀಟರ್ ಹಾಕುವ ಹೊತ್ತಿಗೆ. ಮಧ್ಯಾಹ್ನ ಉಪ್ಪಿಟ್ಟಿನ ಡಬ್ಬಿ ಬಿಚ್ಚುವಷ್ಟರಲ್ಲಿ ಕೈಮುಗಿದ ಚಿತ್ರಗಳು ಸಾಲಾಗಿ ಬಂದು ಬಿದ್ದಿದ್ದವು. ಅವುಗಳ ನಡುವೆ ಯಾರೋ "ನಮ್ಮ ಫೈರ್ ಎಂಜಿನ್ ಅಂಕಲ್ ಇನ್ನಿಲ್ಲ" ಎಂದು ಬರೆದಿದ್ದರು. ಇನ್ನೊಬ್ಬರು ಕಣ್ಣೀರಿನ ಮುಖದ ಪಕ್ಕದಲ್ಲೇ ಪುಟ್ಟ ಕೆಂಪು ಗಾಡಿಯ ಚಿತ್ರ ಇಟ್ಟಿದ್ದರು. ಸಂಜೆ ಸಂಘದ ಅಧ್ಯಕ್ಷರ ಫೋನು ಬಂತು.

"ಆಂಟಿ, ಭಾನುವಾರ ಸಂತಾಪ ಸಭೆ ಇಟ್ಕೊಂಡಿದೀವಿ. ಅಂಕಲ್ ಮಗಳು ಟೌರಂಗಾದಿಂದ ಬರ್ತಿದಾರೆ. ನೀವು ಆ ಫೈರ್ ಎಂಜಿನ್ ಕತೆ ಹೇಳ್ಬಿಡಿ. ನಿಮ್ಮಷ್ಟು ಚೆನ್ನಾಗಿ ಯಾರೂ ಹೇಳಲ್ಲ."

ಅಧ್ಯಕ್ಷರಿಗೂ ನನಗೂ ಇರುವುದು ನಾಲ್ಕೇ ವರ್ಷದ ಅಂತರ. ಆದರೂ ನಾನು ಆಂಟಿ. ಅದು ಹೋಗಲಿ. ನನ್ನಷ್ಟು ಚೆನ್ನಾಗಿ ಯಾರೂ ಹೇಳುವುದಿಲ್ಲ ಎಂಬುದು ಮಾತ್ರ ನಿಜ. ಹೇಗೆ ಹೇಳಿಯಾರು? ಆ ಕತೆ ಹುಟ್ಟಿದ್ದು ನನ್ನ ಬಾಯಲ್ಲಿ, ಬೆಳೆದದ್ದು ನನ್ನ ಬಾಯಲ್ಲಿ. ಅದರಲ್ಲಿ ಇರುವುದು ಒಂದೇ ಕೊರತೆ. ಅವತ್ತು ಬೆಂಕಿ ಹಚ್ಚಿದ್ದು ಮಾಸ್ತರರಲ್ಲ, ನಾನು.

ಮಾಸ್ತರರು ವಿಜಯಪುರದವರು. ಮೂವತ್ತು ವರ್ಷಕ್ಕೂ ಮೇಲೆ ಹೈಸ್ಕೂಲಿನಲ್ಲಿ ಇತಿಹಾಸ ಕಲಿಸಿ, ಹೆಂಡತಿ ತೀರಿಕೊಂಡ ಮೇಲೆ ಆಕ್ಲೆಂಡಿನ ಸ್ಯಾಂಡ್ರಿಂಗಮ್‌ನಲ್ಲಿದ್ದ ಮಗಳ ಮನೆಗೆ ಬಂದಿದ್ದರು. ಅವರನ್ನು ನಾನು ಮೊದಲು ಕಂಡದ್ದು ಅಲ್ಲಿನ ಇಂಡಿಯನ್ ಅಂಗಡಿಯ ಸೊಪ್ಪಿನ ಕ್ರೇಟಿನ ಎದುರು. ನಾನು ಒಂದು ಕಟ್ಟು ಕೊತ್ತಂಬರಿ ಕೈಗೆತ್ತಿಕೊಂಡಿದ್ದೆ. ಪಕ್ಕದಿಂದ ಒಂದು ಧ್ವನಿ ಬಂತು.

"ಅಕ್ಕಾರ, ಅದು ನಿನ್ನೀದು. ಇಡ್ರಿ."

ತಿರುಗಿ ನೋಡಿದರೆ ಉಣ್ಣೆಯ ಟೋಪಿ, ಹಳೆಯ ಕೋಟು, ಕೈಯಲ್ಲಿ ಕೊಡೆ. ನನಗಿಂತ ಇಪ್ಪತ್ತೈದು ವರ್ಷವಾದರೂ ದೊಡ್ಡವರು. ನನ್ನನ್ನು ಅಕ್ಕಾ ಅನ್ನುತ್ತಿದ್ದಾರೆ!

"ನಿಮಗೆ ಹೇಗೆ ಗೊತ್ತು?" ಎಂದೆ.

"ನಿನ್ನೆ ನಾ ಇದನ್ನ ತಗೊಂಡು, ನೋಡಿ, ಇಟ್ಟು ಹೋಗಿದ್ದೆ. ನಡಬರ್ಕ ಒಂದು ಹಳದಿ ಎಲಿ ಅದ, ತಗದು ನೋಡ್ರಿ."

ತೆಗೆದು ನೋಡಿದೆ. ಇತ್ತು. ನಾನು ಕೊತ್ತಂಬರಿ ಇಟ್ಟು ಹೆಸರು ಕೇಳಿದೆ.

"ನಾ ಮಾಸ್ತರರಿ. ಹೆಸರು ಪಾಸ್‌ಪೋರ್ಟಿನಾಗ ಅದ. ಅದಕ್ಕ ಇಮಿಗ್ರೇಶನ್‌ನವರು ಬಿಟ್ರ ಗಿರಾಕಿ ಇಲ್ಲ."

ಅಂದಿನಿಂದ ಅವರು ನನಗೆ ಮಾಸ್ತರರೇ. ಸಂಘದ ಉಳಿದವರಿಗೆ ಅಂಕಲ್.

ಅವರಿಗೆ ಎರಡು ಚಟಗಳಿದ್ದವು. ಒಂದು, ಕೈಗೆ ಸಿಕ್ಕಿದ್ದರ ಮೇಲೆಲ್ಲ ದಿನಾಂಕ ಬರೆಯುವುದು. ಉಪ್ಪಿನಕಾಯಿಯ ಬಾಟಲಿ, ಹಾಲಿನ ಕ್ಯಾನಿನ ಮುಚ್ಚಳ, ಬಸ್ ಟಿಕೆಟ್ಟು, ಯಾವುದೂ ತಪ್ಪುವಂತಿರಲಿಲ್ಲ. ಇನ್ನೊಂದು, ಯಾರಾದರೂ ಯಾರ ಬಗ್ಗೆಯಾದರೂ ಏನಾದರೂ ಹೇಳಿದರೆ ಎಡಗೈಯ ಅಂಗೈ ಮೇಲೆ ಬಲಗೈಯ ಎರಡು ಬೆರಳು ಬಡಿದು, "ಸಾಕ್ಷಿ?" ಎಂದು ಕೇಳುವುದು. ಈ ಪ್ರಶ್ನೆಯ ಮುಂದೆ ಸಂಘದ ಅರ್ಧದಷ್ಟು ಮಾತುಕತೆ ನಿಂತೇ ಹೋಗುತ್ತಿತ್ತು. ಯಾರ ಮಗನಿಗೆ ಎಷ್ಟು ಸಂಬಳ, ಯಾರ ಮನೆಯ ಸೊಸೆ ಯಾಕೆ ಬೇರೆ ಹೋದಳು ಎಂದು ನಾನು ಅವರಿಗೆ ಪ್ರೀತಿಯಿಂದ ಹೇಳಲು ಹೋಗಿ ಎಷ್ಟೋ ಸಲ ಆ ಎರಡು ಬೆರಳಿಗೆ ಸಿಕ್ಕಿದ್ದೇನೆ.

ಈ ದೇಶದಲ್ಲಿ ಅವರಿಗೆ ಎಲ್ಲಕ್ಕಿಂತ ಹಿಡಿಸಿದ್ದು ಬಸ್ಸಿನಿಂದ ಇಳಿಯುವಾಗ ಜನ ಡ್ರೈವರನಿಗೆ ಕೂಗಿ ಥ್ಯಾಂಕ್ಯೂ ಹೇಳುವುದು. "ಯಾರು ಮುಟ್ಟಿಸಿದ್ರು ಅನ್ನೂದು ಮರೀಬಾರದು ನೋಡ್ರಿ" ಎನ್ನುತ್ತಿದ್ದರು. ತಾವೂ ಹಿಂಬಾಗಿಲಿನಿಂದ ಇಳಿಯುವಾಗ ಕ್ಲಾಸಿನ ಕೊನೆಯ ಬೆಂಚಿಗೆ ಕೇಳುವ ಧ್ವನಿಯಲ್ಲಿ ಕೂಗುತ್ತಿದ್ದರು. ಡ್ರೈವರ್ ಬೆಚ್ಚಿ ಕನ್ನಡಿಯಲ್ಲಿ ನೋಡುತ್ತಿದ್ದ.

ಇನ್ನು ಆ ಫೈರ್ ಎಂಜಿನ್ ಬಂದ ನಾಟಕದ ಮಾತಿಗೆ ಬರುತ್ತೇನೆ. ಆ ವರ್ಷ ಸಂಘದಲ್ಲಿ ಹಾಸ್ಯ ನಾಟಕ ಸಾಕು, ದೊಡ್ಡದೇನಾದರೂ ಮಾಡೋಣ ಎಂದು ಮಾತು ಬಂತು. ದೊಡ್ಡದು ಎಂದರೆ ಇಂಗ್ಲಿಷಿನ ಆ ಹಳೆಯ ದುರಂತ. ಸ್ಕಾಟ್ಲೆಂಡಿನ ಒಬ್ಬ ಸರದಾರ, ಮೂವರು ಮಾಟಗಾತಿಯರು "ನೀನು ರಾಜನಾಗುತ್ತೀ" ಎಂದದ್ದನ್ನು ಕೇಳಿ, ಹೆಂಡತಿಯ ಮಾತು ಕಟ್ಟಿಕೊಂಡು, ಮನೆಗೆ ಬಂದ ಮುದಿ ರಾಜನನ್ನು ಹಾಸಿಗೆಯಲ್ಲೇ ಕೊಂದು, ಕೊನೆಗೆ ತಾನೂ ಹಾಳಾಗುವ ಕತೆ. ಎಲ್ಲರೂ ಕಾಲೇಜಿನಲ್ಲಿ ಓದಿ ಅರ್ಧ ಮರೆತದ್ದು. ಅದನ್ನು ಕನ್ನಡಕ್ಕೆ ಇಳಿಸಿ, ನಿರ್ದೇಶಿಸಿ, ಪಕ್ಕದಲ್ಲಿ ನಿಂತು ಮಾತು ಎತ್ತಿಕೊಡುವ ಕೆಲಸ ಮಾಸ್ತರರಿಗೆ ಬಂತು. ಅವರು ಒಪ್ಪಿದರು. ಒಂದು ಷರತ್ತು ಹಾಕಿದರು.

"ನಾಟಕ ಮುಗದ ಮ್ಯಾಲೆ ನನಗ ಐದು ನಿಮಿಷ ಕೊಡಬೇಕು. ಖರೆ ರಾಜನ ಬಗ್ಗೆ ನಾಕು ಮಾತು ಹೇಳಾವ."

"ಖರೆ ರಾಜ ಅಂದ್ರೆ?" ಎಂದು ಅಧ್ಯಕ್ಷರು ಕೇಳಿದರು. ಉತ್ತರ ಮುಗಿಯುವಷ್ಟರಲ್ಲಿ ನಾನು ಮಾಡಿ ತಂದಿದ್ದ ಮಸಾಲೆ ವಡೆ ಆರಿತು.

ಆ ಹೆಸರಿನ ರಾಜ ನಿಜಕ್ಕೂ ಇದ್ದನಂತೆ. ಹನ್ನೊಂದನೆಯ ಶತಮಾನದಲ್ಲಿ. ಅವನು ಯಾರನ್ನೂ ಹಾಸಿಗೆಯಲ್ಲಿ ಕೊಲ್ಲಲಿಲ್ಲ. ಅವನ ಹಿಂದಿನ ರಾಜ ಮುದುಕನೂ ಅಲ್ಲ, ಸಾಧುವೂ ಅಲ್ಲ. ಹೋದಲ್ಲೆಲ್ಲ ಸೋತು, ಕೊನೆಗೆ ಇವನ ಸೀಮೆಗೇ ದಂಡು ಕಟ್ಟಿಕೊಂಡು ಬಂದು ಕಾಳಗದಲ್ಲಿ ಸತ್ತ ಹರೆಯದವನು. ಆ ಕಾಲಕ್ಕೆ ಅಪ್ಪನ ಪಟ್ಟ ಮಗನಿಗೇ ಎಂಬ ಕಟ್ಟಳೆಯೂ ಗಟ್ಟಿಯಾಗಿರಲಿಲ್ಲ. ರಾಜಮನೆತನದ ಕವಲುಗಳಲ್ಲಿ ಸಮರ್ಥನಿಗೆ ಬರುತ್ತಿತ್ತು. ಇವನಿಗೂ ಹಕ್ಕಿತ್ತು, ಇವನ ಹೆಂಡತಿಗೂ ರಾಜರ ರಕ್ತವಿತ್ತು.

"ಹದಿನೇಳು ವರ್ಷ ಆಳ್ಯಾನ್ರಿ! ನಡು ರೋಮಿಗೆ ಯಾತ್ರಾ ಹೋಗಿ ಬಡವರಿಗೆ ಬಿತ್ತಿಧಂಗ ರೊಕ್ಕಾ ಚೆಲ್ಯಾನ. ತಿಂಗಳಗಟ್ಟಲೆ ದೇಶಾ ಬಿಟ್ಟು ಹೋಗಿ ತಿರುಗಿ ಬಂದ್ರ ಕುರ್ಚಿ ಇದ್ದಲ್ಲೇ ಇತ್ತು. ಕೊಲೆಗಡಕನ ರಾಜ್ಯದಾಗ ಇದು ಆಗತದೇನು?"

"ಹಾಗಾದ್ರೆ ನಾಟಕದಲ್ಲಿ ಯಾಕೆ ಹಾಗೆ ಬರೆದ್ರು?" ಎಂದೆ ನಾನು.

"ಬರದವನಿಗೆ ಅನ್ನಾ ಹಾಕಾವ ಯಾರು? ಅದನ್ನ ಮೊದಲ ಕೇಳ್ರಿ. ಐನೂರು ವರ್ಷದ ಮ್ಯಾಲೆ ಲಂಡನ್‌ದಾಗ ಹೊಸಾ ರಾಜಾ ಬಂದ. ಅವನೂ ಸ್ಕಾಟ್ಲೆಂಡದವನ. ಮಾಟಗಾತೇರ ಅಂದ್ರ ಥರಥರ. ಭೂತಪ್ರೇತದ ಮ್ಯಾಲೆ ತಾನ ಒಂದು ಪುಸ್ತಕಾ ಬರದಿದ್ದ. ನಾಟಕದ ಕಂಪನಿ ಅವನ ಆಶ್ರಯದಾಗ ನಡೀತಿತ್ತು. ಆ ರಾಜಾ ತನ್ನ ಮೂಲಪುರುಷ ಅಂತ ಯಾರನ್ನ ನಂಬಿದ್ನೋ, ನಾಟಕದಾಗ ಅವನು ದೇವರಂಥಾ ಗೆಳ್ಯಾ ಆದ. ಎಲ್ಲಾ ಪಾಪಾ ಈ ಬಡಪಾಯಿ ತಲೀ ಮ್ಯಾಲೆ."

ಅದಕ್ಕೇ ಮಾಸ್ತರರು ತಮ್ಮ ಕನ್ನಡ ರೂಪದಲ್ಲಿ ಆ ರಾಜನ ಹೆಸರನ್ನೇ ತೆಗೆದು ಬರಿಯ 'ಸರದಾರ' ಎಂದಿಟ್ಟರು. ನಾಟಕದವರು ಆ ನಾಟಕದ ಹೆಸರು ಹೇಳಲು ಹೆದರುತ್ತಾರೆ, ಹೇಳಿದರೆ ಕೆಡುಕಾಗುತ್ತದೆ ಎಂಬ ನಂಬಿಕೆ ಇದೆಯಂತೆ. ಮಾಸ್ತರರೂ ಹೇಳುತ್ತಿರಲಿಲ್ಲ, ಆದರೆ ಹೆದರಿಕೆಯಿಂದಲ್ಲ. "ಅವನ ಹೆಸರು ನಾನೂರು ವರ್ಷ ಕೆಡಿಸ್ಯಾರ. ಇನ್ನ ನಮ್ಮ ಕೈಲೆ ಬ್ಯಾಡ" ಎನ್ನುತ್ತಿದ್ದರು. ಅವರ ಮಾತಿಗೆ ಕಟ್ಟುಬಿದ್ದು ನಾನೂ ಇಲ್ಲಿ ಬರೆದಿಲ್ಲ.

ಅವರಿಗೆ ಈ ಹುಚ್ಚು ಹತ್ತಿದ್ದು ತಮ್ಮ ಊರಿನಿಂದ. ವಿಜಯಪುರದ ಹೊರಗೆ ಅರವತ್ತು ಗೋರಿಗಳಿವೆಯಂತೆ. ಯುದ್ಧಕ್ಕೆ ಹೊರಟ ಒಬ್ಬ ಸರದಾರನಿಗೆ ಜ್ಯೋತಿಷಿ "ನೀನು ತಿರುಗಿ ಬರುವುದಿಲ್ಲ" ಎಂದನಂತೆ. ಅವನು ತನ್ನ ಹೆಂಡತಿಯರನ್ನೆಲ್ಲ ಬಾವಿಗೆ ನೂಕಿ ಕೊಂದು ಹೊರಟನಂತೆ. ಗೈಡುಗಳು ಇದನ್ನು ಬಾವಿಯ ಕಟ್ಟೆ ತಟ್ಟಿ ತಟ್ಟಿ ಹೇಳುತ್ತಾರೆ.

"ವರ್ಷಾ ಹುಡುಗರನ್ನ ಕರಕೊಂಡು ಹೋಗೀನಿ. ಗೋರಿ ಅವ, ಎಣಿಸೀವಿ. ಬಾವಿ ಅದ, ಬಗ್ಗಿ ನೋಡೀವಿ. ಯಾರು ಯಾಕ ಸತ್ರು ಅಂತ ಗೋರಿ ಮ್ಯಾಲೆ ಬರದಿಲ್ಲ. ಸಾಕ್ಷಿ ಎಲ್ಲದ?"

"ಆದ್ರೂ ಕತೆ ಎಷ್ಟು ಚೆನ್ನಾಗಿದೆ ಸರ್!" ಎಂದು ನಾನು ಬಾಯಿ ಬಿಟ್ಟುಕೊಂಡು ಹೇಳಿದೆ.

"ಅದ ನೋಡ್ರಿ ಅಕ್ಕಾರ ತ್ರಾಸ. ಚೊಲೋ ಅದ."

ಸರದಾರನ ಪಾತ್ರ ಅಧ್ಯಕ್ಷರದು. ಸಂಘದ ನಿಯಮಗಳಲ್ಲಿ ಹಾಗೆಂದು ಬರೆದಿಲ್ಲ, ಆದರೂ ಹಾಗೆಯೇ. ಸರದಾರನ ಹೆಂಡತಿಯ ಪಾತ್ರಕ್ಕೆ ನಾನು ಆಸೆಪಟ್ಟೆ. ಆಸೆಪಟ್ಟೆ ಎಂದರೆ ಸಾಲದು. ಮೈಸೂರಿನಲ್ಲಿ ಕಾಲೇಜು ಓದುವಾಗ ನಾಟಕದಲ್ಲಿ ದೀಪ ಹಿಡಿದು ನಿಲ್ಲುವ ಸಖಿಯಾಗಿದ್ದವಳು ನಾನು. ನಲವತ್ತಾರರಲ್ಲಿ ರಾಣಿಯಾಗುವ ಅವಕಾಶವನ್ನು ಬಿಟ್ಟುಕೊಡುವವಳಲ್ಲ. ತಾಲೀಮು ನಡೆಯುತ್ತಿದ್ದುದು ಶನಿವಾರ ಮಧ್ಯಾಹ್ನ, ಅಧ್ಯಕ್ಷರ ಗರಾಜಿನಲ್ಲಿ. ಕಾರು ಹೊರಗಿಟ್ಟು, ಹುಲ್ಲು ಕತ್ತರಿಸುವ ಯಂತ್ರಕ್ಕೆ ಬೆಡ್‌ಶೀಟು ಹೊದಿಸಿ ಸಿಂಹಾಸನ ಮಾಡಿದ್ದರು. ನಾನು ವಾರವಾರ ಮಸಾಲೆ ವಡೆ ಒಯ್ದೆ. ಮೂರನೆಯ ವಾರ ಪಾತ್ರ ನನ್ನದಾಯಿತು.

"ವಡಿ ತನ್ನ ಕೆಲಸಾ ಮಾಡ್ತು. ಇನ್ನ ನೀವು ಮಾಡ್ರಿ" ಎಂದರು ಮಾಸ್ತರರು.

ನಾನು ಮಾಡಿದೆ. ಆ ಹೆಂಗಸು ಕೊನೆಯಲ್ಲಿ ನಿದ್ದೆಯಲ್ಲೇ ಎದ್ದು ನಡೆದಾಡುತ್ತ, ಇಲ್ಲದ ರಕ್ತವನ್ನು ಕೈಯಿಂದ ತೊಳೆಯುತ್ತಾಳಲ್ಲ, ಆ ದೃಶ್ಯವನ್ನು ನಾನು ಮನೆಯಲ್ಲಿ ಸಿಂಕಿನ ಮುಂದೆ ಅಭ್ಯಾಸ ಮಾಡುತ್ತಿದ್ದೆ. ನನ್ನ ಗಂಡ ಒಂದು ದಿನ ಹಿಂದಿನಿಂದ ಬಂದು, "ಪಾತ್ರೆ ಎಲ್ಲ ನಾನೇ ತೊಳೆದಿದೀನಿ, ಬಿಡು" ಎಂದರು. ಮಾಸ್ತರರ ಅಭಿಪ್ರಾಯವೂ ಹೆಚ್ಚು ಬೇರೆಯಾಗಿರಲಿಲ್ಲ.

"ಅಕ್ಕಾರ, ಕೊಲೆ ಮಾಡಿದಾಕಿ ಕೈ ತೊಳದಂಗ ಕಾಣವಲ್ದು. ದ್ವಾಸಿ ಹಿಟ್ಟು ತೊಳದಂಗ ಕಾಣತದ."

ನಟನೆಯಿಂದ ಆಗದ್ದನ್ನು ಕೂದಲಿನಿಂದ ಮಾಡೋಣ ಎಂದು ನಾನು ತೀರ್ಮಾನಿಸಿದ್ದು ಆವತ್ತೇ. ಹುಚ್ಚು ಹಿಡಿದ ರಾಣಿಯ ಕೂದಲು ಬಿಚ್ಚಿ ಹರಡಿರಬೇಕು, ಬೆನ್ನು ತುಂಬಬೇಕು. ನನ್ನದು ಇಲಿಬಾಲ. ಅದಕ್ಕೆ ನಮ್ಮ ಅಜ್ಜಿಯ ಉಪಾಯ ಗೊತ್ತಿತ್ತು: ಎಣ್ಣೆನೀರು ಹಾಕಿಕೊಂಡು, ಸೀಗೆಪುಡಿಯಲ್ಲಿ ತೊಳೆದು, ಕೆಂಡದ ಮೇಲೆ ಸಾಂಬ್ರಾಣಿ ಉದುರಿಸಿ, ಮೇಲೆ ಬುಟ್ಟಿ ಬೋರಲು ಹಾಕಿ, ಬುಟ್ಟಿಯ ಮೇಲೆ ಕೂದಲು ಹರವಿ ಹೊಗೆಯಲ್ಲಿ ಒಣಗಿಸಿದರೆ ಎರಡರಷ್ಟು ಕಾಣುತ್ತದೆ. ಇಲ್ಲಿನ ಅಂಗಡಿಯ ಸಾಂಬ್ರಾಣಿಯಲ್ಲಿ ಸತ್ವವಿಲ್ಲ ಎಂದು ಮಾಸ್ತರರನ್ನು ಕೇಳಿದೆ. ಅವರು ಅದನ್ನು ಲೋಬಾನ ಅನ್ನುತ್ತಿದ್ದರು. ಊರಿನಿಂದ ತಂದಿದ್ದ ಗಟ್ಟಿಯಲ್ಲಿ ಒಂದು ಚೂರು ಮುರಿದು ಕಾಗದದಲ್ಲಿ ಕಟ್ಟಿ, ಮೇಲೆ ತಮ್ಮ ದುಂಡಕ್ಷರದಲ್ಲಿ 'ಲೋಬಾನ, ವಿಜಯಪುರ' ಎಂದು ದಿನಾಂಕ ಸಹಿತ ಬರೆದು ಕೊಟ್ಟರು.

"ಮನ್ಯಾಗ ಹಚ್ಚಿಕೋರಿ. ನಾಟಕಾ ಆಡೂ ಸಾಲಿಯೊಳಗ ಬ್ಯಾಡ. ಅಲ್ಲಿ ಕಡ್ಡಿ ಸುದ್ದಾ ಗೀರಬಾರದು ಅಂತ ಕೇರ್‌ಟೇಕರ್ ಎರಡ ಸಲ ಹೇಳ್ಯಾನ."

"ಆಯ್ತು ಸರ್" ಎಂದೆ. ಆಯ್ತು ಅನ್ನುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ.

ನಾಟಕ ಜೂನಿನ ಒಂದು ಶನಿವಾರ ಮಧ್ಯಾಹ್ನ, ಒಂದು ಶಾಲೆಯ ಹಾಲಿನಲ್ಲಿ. ಐದು ಗಂಟೆಗೆ ಹಾಲು ಬಿಟ್ಟುಕೊಡಬೇಕು. ಬೆಳಿಗ್ಗೆ ಮನೆಯಲ್ಲೇ ಹೊಗೆ ಹಾಕಿಕೊಂಡೇ ಹೋಗಿದ್ದೆ. ಆದರೆ ಆಕ್ಲೆಂಡಿನ ಚಳಿಗಾಲದ ತುಂತುರು ಕಾರು ನಿಲ್ಲಿಸುವ ಜಾಗದಿಂದ ಹಾಲಿನ ಬಾಗಿಲಿಗೆ ಹೋಗುವಷ್ಟರಲ್ಲಿ ನನ್ನ ಕೂದಲನ್ನು ಮತ್ತೆ ಇಲಿಬಾಲ ಮಾಡಿತ್ತು. ಮಧ್ಯಂತರ ಮುಗಿಯಿತು. ನನ್ನ ದೊಡ್ಡ ದೃಶ್ಯಕ್ಕೆ ಇನ್ನೂ ಅರ್ಧ ಗಂಟೆ ಇತ್ತು. ವೇಷ ಹಾಕಿಕೊಳ್ಳಲು ನಮಗೆ ಕೊಟ್ಟಿದ್ದು ಪುಟ್ಟ ಮಕ್ಕಳ ಒಂದು ತರಗತಿ ಕೋಣೆ. ಯಾರೂ ಇರಲಿಲ್ಲ. ಚೀಲದಲ್ಲಿ ಸ್ಟೀಲ್ ತಟ್ಟೆ, ಇದ್ದಿಲ ಬಿಲ್ಲೆ, ಬೆಂಕಿಪೆಟ್ಟಿಗೆ, ಮಾಸ್ತರರ ಪೊಟ್ಟಣ, ಎಲ್ಲ ಇದ್ದವು. ಎಲ್ಲ ಯಾಕಿದ್ದವು ಎಂದು ಕೇಳಬೇಡಿ. ಕತೆಪುಸ್ತಕ ಜೋಡಿಸಿಟ್ಟಿದ್ದ ತಂತಿಬುಟ್ಟಿಯನ್ನು ಖಾಲಿ ಮಾಡಿ, ಬೋರಲು ಹಾಕಿ, ರಾಣಿಯ ವೇಷದಲ್ಲಿ ಮಂಡಿಯೂರಿ, ಕೂದಲು ಹರವಿಕೊಂಡು ಬಾಗಿದೆ. ಹೊಗೆ ಹಿತವಾಗಿತ್ತು. ಅಜ್ಜಿಯ ನೆನಪಾಯಿತು. ತಲೆ ತಗ್ಗಿಸಿದ್ದರಿಂದ ಮೇಲೆ ಸೂರಿನಲ್ಲಿ ಹೊಗೆ ಕಂಡರೆ ಕೂಗುವ ಬಿಳಿ ಡಬ್ಬಿ ಇದ್ದದ್ದು ಕಾಣಲಿಲ್ಲ.

ವೇದಿಕೆಯ ಮೇಲೆ ಸರದಾರ ಎರಡನೆಯ ಸಲ ಮಾಟಗಾತಿಯರ ಬಳಿಗೆ ಬಂದಿದ್ದನಂತೆ. ಗಂಟೆ ಹೊಡೆದುಕೊಂಡಾಗ ಜನ ಅದೂ ನಾಟಕದ್ದೇ ಎಂದು ಚಪ್ಪಾಳೆ ತಟ್ಟಿದರಂತೆ.

ಆಮೇಲಿನದನ್ನು ನಾನೇ ನೋಡಿದೆ. ನೂರೈವತ್ತು ಕನ್ನಡಿಗರು ಒದ್ದೆ ಮೈದಾನದಲ್ಲಿ. ಮಾಟಗಾತಿಯರು ಪಫರ್ ಜಾಕೆಟ್ ಹಾಕಿಕೊಂಡು ನಡುಗುತ್ತಿದ್ದಾರೆ. ಕೊಲೆಯಾದ ರಾಜ ಕಿರೀಟದ ಮೇಲೆ ಮಂಕಿ ಕ್ಯಾಪು ಎಳೆದುಕೊಂಡಿದ್ದಾನೆ. ಎರಡು ಕೆಂಪು ಗಾಡಿಗಳು ಬಂದವು. ಹಳದಿ ಹೆಲ್ಮೆಟ್ಟಿನ ಎತ್ತರದ ಮನುಷ್ಯನೊಬ್ಬ ಒಳಗಿನಿಂದ ನಮ್ಮ ಮನೆಯ ಸ್ಟೀಲ್ ತಟ್ಟೆಯನ್ನು ಮೈಯಿಂದ ದೂರ ಹಿಡಿದುಕೊಂಡು ಬಂದ. ಅವನು ಅದರ ಜೊತೆಗೆ ತಂದ ಪೊಟ್ಟಣ ಅಧ್ಯಕ್ಷರ ಕೈಗೆ ಸಿಕ್ಕಿತು. ಅದನ್ನು ಎತ್ತಿ ಹಿಡಿದು, ಸರದಾರನ ಧ್ವನಿಯಲ್ಲೇ ಕೇಳಿದರು.

"ಇದು ಯಾರದು?"

ಮಾಸ್ತರರು ಕನ್ನಡಕ ಸರಿಮಾಡಿಕೊಂಡು ಅಕ್ಷರ ನೋಡಿದರು.

"ನಂದರಿ."

"ಅಂಕಲ್! ನೀವಾ!"

ಅವರು ಗುಂಪಿನ ಕಡೆಗೊಮ್ಮೆ ನೋಡಿದರು. ನಾನು ಶಾಲನ್ನು ಹಣೆಯವರೆಗೂ ಎಳೆದು ಮಾಟಗಾತಿಯರ ಹಿಂದೆ ನಿಂತಿದ್ದೆ. ನನ್ನ ತಲೆಯಿಂದ ದರ್ಗಾದ ಪರಿಮಳ ಬರುತ್ತಿತ್ತು. ಬಾಯಿ ತೆರೆಯಲು ಒಂದು ಕ್ಷಣ ಸಾಕಿತ್ತು. ಮುಂದಿನ ಕ್ಷಣ ಯಾರೋ ನಕ್ಕರು, ಎಲ್ಲರೂ ನಕ್ಕರು, ಅಷ್ಟರಲ್ಲಿ ಆಗಿಹೋಯಿತು.

ಐದು ಗಂಟೆಗೆ ಹಾಲು ಬಿಟ್ಟುಕೊಟ್ಟೆವು. ಆಕ್ಲೆಂಡಿನ ಕನ್ನಡಿಗರ ಮಟ್ಟಿಗೆ ಆ ಸರದಾರ ಇವತ್ತಿಗೂ ಸತ್ತಿಲ್ಲ, ಅವನ ಹೆಂಡತಿ ನಿದ್ದೆಯಿಂದ ಎದ್ದಿಲ್ಲ. ಮಾಸ್ತರರ ಐದು ನಿಮಿಷವೂ ಬರಲಿಲ್ಲ. ಕಾರಿನಲ್ಲಿ ಗಂಡ ಎರಡು ಸಿಗ್ನಲ್ ದಾಟಿದ ಮೇಲೆ ಕಿಟಕಿ ಸ್ವಲ್ಪ ಇಳಿಸಿದರು.

"ಪೂಜೆ ವಾಸನೆ ಬರ್ತಿದೆ. ಯಾವಾಗ ಹೇಳ್ತೀಯ?"

"ನಾಳೆ ಹೇಳ್ತೀನಿ ರೀ."

ಆ ನಾಳೆ ಬಂತು, ಕಮಿಟಿ ಸೇರಿತು. ಶಾಲೆಯವರು ಇನ್ನು ಹಾಲು ಕೊಡುವುದಿಲ್ಲ ಎಂದು ಬರೆದಿದ್ದರು. "ಅಂಕಲ್‌ಗೆ ವಯಸ್ಸಾಯ್ತು, ಪಾಪ, ಇನ್ನು ಜವಾಬ್ದಾರಿ ಕೊಡೋದು ಬೇಡ" ಎಂದಾಯಿತು. ಮುಂದಿನ ವರ್ಷದ ನಾಟಕ ಯಾರು ಮಾಡಿಸುವುದು ಎಂಬ ಪ್ರಶ್ನೆ ಬಂತು. ಎಲ್ಲರೂ ನನ್ನ ಕಡೆ ನೋಡಿದರು. ಹೀಗೆ, ಕತ್ತಿ ಹಿಡಿಯದೆ, ಮಾಟಗಾತಿಯರ ಸಹಾಯವೂ ಇಲ್ಲದೆ, ನಾನು ಸಂಘದ ಸಾಂಸ್ಕೃತಿಕ ಕಾರ್ಯದರ್ಶಿಯಾದೆ. ಆ ಕುರ್ಚಿ ಸಿಕ್ಕ ಮೇಲೆ ಸತ್ಯ ಹೇಳುವುದು ಇನ್ನೂ ಕಷ್ಟವಾಯಿತು. ಅದು ಯಾಕೆ ಎಂದು ಆ ನಾಟಕ ನೋಡಿದವರಿಗೆ ಹೇಳಬೇಕಾಗಿಲ್ಲ.

ಸತ್ಯ ಹೇಳಲಾರದವಳು ಕತೆ ಹೇಳಿದೆ. ಮೊದಲ ಸಲ ಯಾರದೋ ಮನೆಯ ಪಾಟ್‌ಲಕ್ ಊಟದಲ್ಲಿ, ಮಾತು ಬೇರೆ ಕಡೆ ತಿರುಗಿಸಲು. ಜನ ನಕ್ಕರು. ಎರಡನೆಯ ಸಲ ಅದಕ್ಕೆ ಅಂಕಲ್ ಮಾಟಗಾತಿಯರ ದೃಷ್ಟಿ ತೆಗೆಯಲು ಲೋಬಾನ ಹಾಕಿದರು ಎಂದು ಸೇರಿಸಿದೆ. ಮೂರನೆಯ ಸಲ ಅಂಕಲ್ ಫೈರ್‌ಮ್ಯಾನಿಗೆ ಚಹಾ ಬೇಕೇನು ಎಂದು ಕೇಳಿದರು. ವರ್ಷ ತುಂಬುವಷ್ಟರಲ್ಲಿ ಅವರು ಅವನ ಹೆಲ್ಮೆಟ್ಟಿನ ಮೇಲೆ ದಿನಾಂಕ ಬರೆಯುತ್ತಿದ್ದರು. ಎಲ್ಲಿ ನಿಲ್ಲಿಸಬೇಕು, ಎಲ್ಲಿ ಎರಡು ಬೆರಳು ಬಡಿಯಬೇಕು ಎಂದು ನನಗೆ ಕರಗತವಾಯಿತು. ವೇದಿಕೆಯ ಮೇಲೆ ನನಗೆ ಬಾರದ ನಟನೆ ಊಟದ ಮೇಜಿನ ಬಳಿ ಬಂತು.

ಒಂದು ಸಲ ಹೀಗೆ ಹೇಳುತ್ತಿರುವಾಗ ಮಾಸ್ತರರು ತಟ್ಟೆಯಲ್ಲಿ ಪಲಾವು ಹಿಡಿದು ಹಿಂದೆ ನಿಂತಿದ್ದರು. ನನಗೆ ಗೊತ್ತಾದಾಗ ಅರ್ಧ ದಾರಿಗೆ ಬಂದಿದ್ದೆ. ತಡವರಿಸಿದೆ. ಅವರು ಎಲ್ಲರ ಜೊತೆ ನಗುತ್ತಿದ್ದರು.

"ಆಮ್ಯಾಲೆ ಏನಾತರಿ ಅಕ್ಕಾರ?" ಎಂದರು. ಎಂದೋ ಸತ್ತ ಯಾರದೋ ವಿಷಯ ಕೇಳುವ ಹಾಗೆ. ನಾನು ಮುಗಿಸಿದೆ. ಅವರು ಸಾಕ್ಷಿ ಕೇಳಲಿಲ್ಲ.

ಮುಂದಿನ ವರ್ಷದ ಕಾರ್ಯಕ್ರಮದಲ್ಲಿ ಅವರ ಐದು ನಿಮಿಷವನ್ನು ನಾನೇ ಬರೆದುಹಾಕಿದೆ. ಪ್ರಾಯಶ್ಚಿತ್ತ ಎಂದುಕೊಂಡೆ. ಅವರು ಇಸ್ತ್ರಿ ಮಾಡಿದ ಅಂಗಿ ಹಾಕಿ, ಜೇಬಿನಲ್ಲಿ ನಾಲ್ಕಾಗಿ ಮಡಿಸಿದ ಕಾಗದ ಇಟ್ಟುಕೊಂಡು ಎರಡನೆಯ ಸಾಲಿನಲ್ಲಿ ಕೂತಿದ್ದರು. ನೃತ್ಯಗಳು ತಡವಾದವು, ಊಟ ಬೇಗ ಬಂತು, ಬಿಸಿಬೇಳೆಬಾತು ಗಟ್ಟಿಯಾಗುತ್ತದೆ ಎಂದು ನಾಲ್ಕು ಜನ ಬಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಪಟ್ಟಿಯಿಂದ ಒಂದು ಸಾಲು ಹೊಡೆದೆ.

"ಮುಂದಿನ ಸಲ ಸರ್, ಖಂಡಿತ."

"ಆಗಲೇಳ್ರಿ. ಅವನು ಒಂಬೈನೂರು ವರ್ಷ ಕಾದಾನ" ಎಂದು ಅವರು ಊಟದ ಸಾಲಿಗೆ ಹೋದರು.

ಆಮೇಲೆ ಮಗಳಿಗೆ ಟೌರಂಗಾದ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಅವರು ಅಲ್ಲಿಗೆ ಹೋದರು. ಹಬ್ಬಕ್ಕೆ ಫೋನು ಮಾಡುತ್ತಿದ್ದೆ. ಬಂದರಿನಲ್ಲಿ ಹಡಗಿಗೆ ಮರದ ದಿಮ್ಮಿ ತುಂಬುವುದನ್ನು ನೋಡುತ್ತ ಕೂರುತ್ತೇನೆ, ಎಣಿಸುತ್ತೇನೆ ಎನ್ನುತ್ತಿದ್ದರು. ಒಂದು ರಂಜಾನಿಗೆ ಧೈರ್ಯ ಮಾಡಿ ಶುರುಮಾಡಿದೆ.

"ಸರ್, ಅವತ್ತು ಶಾಲೇಲಿ ಲೋಬಾನ..."

"ಅಕ್ಕಾರ, ಪುಡಿಕಿ ಯಾರದು ಅಂತ ಕೇಳಿದ್ರು. ನಂದಿತ್ತು, ನಂದು ಅಂದೆ. ಹಚ್ಚಿದವರು ಯಾರು ಅಂತ ಕೇಳಲಿಲ್ಲ. ಕೇಳದ ಪ್ರಶ್ನಿಗೆ ಉತ್ತರಾ ಬರದ್ರ ಮಾರ್ಕ್ಸ್ ಇಲ್ಲ."

"ನಿಮಗೆ ಗೊತ್ತಿತ್ತಾ ಸರ್?"

"ಮೈದಾನದಾಗ ಗಾಳಿ ನನ್ನ ಕಡೀನ ಬೀಸತಿತ್ತು. ಹೇಳೂದಿದ್ರ ನೀವು ಹೇಳ್ರಿ. ಅದು ನಿಮ್ಮ ಪೇಪರ್."

"ಹೇಳ್ತೀನಿ ಸರ್" ಎಂದೆ. ಎರಡು ವರ್ಷವಾಯಿತು. ಹೇಳಲಿಲ್ಲ. ಈಗ ಕೇಳಬೇಕಾದವರು ಮಣ್ಣಿನಲ್ಲಿದ್ದರು.

ಭಾನುವಾರ ಬೆಳಿಗ್ಗೆ ನಾನು ಸೀರೆಗೆ ಪಿನ್ನು ಹಾಕಿಕೊಳ್ಳುವಾಗ ಗಂಡ ಕೇಳಿದರು.

"ಏನು ಹೇಳ್ತೀಯ?"

"ನಡೆದದ್ದು."

"ಒಳ್ಳೇದು. ಹೇಳ್ತಾ ಹೇಳ್ತಾ ರುಚಿ ಹತ್ತೀತು, ನೋಡ್ಕೋ."

ಅವರು ಹೇಳಿದ ಹಾಗೇ ಆಯಿತು. ಸಮುದಾಯ ಭವನದ ಗೋಡೆಯ ಮೇಲೆ ಪ್ರೊಜೆಕ್ಟರಿನಲ್ಲಿ ಟೋಪಿ ಹಾಕಿದ ಮಾಸ್ತರರ ಚಿತ್ರ ಬಿಟ್ಟಿದ್ದರು. ಮಗಳು ಮೊದಲ ಸಾಲಿನಲ್ಲಿ ಕಪ್ಪು ದುಪಟ್ಟಾ ಹೊದ್ದು ಕೂತಿದ್ದರು. ನಾನು ಮೈಕಿನ ಮುಂದೆ ನಿಂತು, "ಅವತ್ತು ಲೋಬಾನ ಹಚ್ಚಿದ್ದು ಮಾಸ್ತರರಲ್ಲ, ನಾನು" ಎಂದೆ. ಅಲ್ಲಿ ನಿಲ್ಲಿಸಿದ್ದರೆ ಸರಿಹೋಗುತ್ತಿತ್ತು. ಆದರೆ ನನ್ನ ನಾಲಿಗೆಗೆ ವರ್ಷಗಳ ಅಭ್ಯಾಸ. ತಂತಿಬುಟ್ಟಿ ಬಂತು, ಇಲಿಬಾಲ ಬಂತು, ರಾಣಿಯ ವೇಷದಲ್ಲಿ ಮಂಡಿಯೂರಿದ್ದು ಬಂತು. ನಾನು ಬಾಗಿಯೇ ತೋರಿಸಿದೆ. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಹಾಲು.

"ಆಂಟಿ, ಹೊಸ ವರ್ಶನ್ ಸೂಪರ್!" ಎಂದು ಯಾರೋ ಕೂಗಿದರು. ಅಧ್ಯಕ್ಷರು ಕಣ್ಣೊರೆಸಿಕೊಳ್ಳುತ್ತ ಮೈಕು ತೆಗೆದುಕೊಂಡರು. "ನೋಡಿ, ಹೋದವರ ತಪ್ಪನ್ನ ತಮ್ಮ ತಲೆ ಮೇಲೆ ಹೊತ್ಕೊಂಡ್ರು ನಮ್ಮ ಆಂಟಿ. ಎಂಥ ದೊಡ್ಡ ಮನಸ್ಸು!" ಎಂದರು. ನನಗೆ ಈ ದೇಶದಲ್ಲಿ ಅಷ್ಟು ದೊಡ್ಡ ಚಪ್ಪಾಳೆ ಯಾವತ್ತೂ ಬಿದ್ದಿರಲಿಲ್ಲ. ಸುಳ್ಳು ಹೇಳಿದಾಗ ನಂಬಿದ್ದವರು, ನಿಜ ಹೇಳಿದಾಗ ಅದನ್ನು ನನ್ನ ಔದಾರ್ಯದ ಲೆಕ್ಕಕ್ಕೆ ಹಾಕಿಬಿಟ್ಟರು.

ಚಹಾದ ಮೇಜಿನ ಬಳಿ ಮಗಳು ನನ್ನ ಪಕ್ಕಕ್ಕೆ ಬಂದು ನಿಂತರು.

"ಆಂಟಿ, ನೀವು ಹೇಳಿದ್ದು ಖರೇನ?"

"ನಿಜ ಕಣಮ್ಮ."

"ಹಚ್ಚಿದ್ದು ನೀವ? ನಮ್ಮ ಅಬ್ಬಾ ಅಲ್ಲ?"

"ನಾನೇ. ಅವರು ಬೇಡ ಅಂದಿದ್ರು."

ಅವರು ಕೈಯಲ್ಲಿದ್ದ ಕಾಗದದ ಲೋಟವನ್ನು ಮೇಜಿನ ಮೇಲಿಟ್ಟರು.

"ಅವತ್ತಿನಿಂದ ನಾವು ಅಬ್ಬಾಗ ಗ್ಯಾಸ್ ಮುಟ್ಟಾಕ ಬಿಡಲಿಲ್ಲರಿ. ಮರೆವು ಸುರು ಆಗ್ಯಾದ ಅಂತ ತಿಳಕೊಂಡ್ವಿ. ಡಾಕ್ಟರ್ ಕಡೆ ಕರಕೊಂಡು ಹೋಗಿ ಪರೀಕ್ಷಾ ಮಾಡಸಿದ್ವಿ. ಇವತ್ತು ಯಾವ ವಾರ, ಇದು ಯಾವ ಊರು ಅಂತ ಅವರು ಕೇಳೂದು, ಅಬ್ಬಾ ಉತ್ತರಾ ಹೇಳೂದು. ಮೂವತ್ತು ವರ್ಷ ಇತಿಹಾಸ ಕಲಿಸಿದವರು."

"ಅವರು ನಿಮಗೆ ಹೇಳಲಿಲ್ವಾ?"

"ಹೇಳಿದ್ರು. ನಾ ಹಚ್ಚಿಲ್ಲ ಅಂದ್ರು. ಮತ್ತ ಯಾರು ಹಚ್ಚಿದ್ರು ಅಂತ ಕೇಳಿದೆ. ಸುಮ್ಮನ ಕುಂತ್ರು. ಅದನ್ನೂ ಮರತಾರ ಅಂದುಕೊಂಡೆ."

ಕ್ಷಮಿಸಿ ಎಂಬ ಮಾತು ನಾಲಿಗೆಗೆ ಬಂತು. ಅದನ್ನು ಹೇಳಿ ನಾನು ಹಗುರಾಗುವುದು ಬಿಟ್ಟರೆ ಇವರಿಗೆ ಏನು ಸಿಗುತ್ತದೆ ಎನಿಸಿತು. ಅವರು ಹಾಲಿನ ಕಡೆ ತಿರುಗಿ ನೋಡಿದರು. ಜನ ಚಹಾ ಕುಡಿಯುತ್ತ ಇನ್ನೂ ನಗುತ್ತಿದ್ದರು. ಒಬ್ಬರು ಇನ್ನೊಬ್ಬರಿಗೆ ಬುಟ್ಟಿಯ ಮೇಲೆ ಬಾಗಿದ್ದನ್ನು ಮಾಡಿ ತೋರಿಸುತ್ತಿದ್ದರು.

"ಎಲ್ಲಾರೂ ಇನ್ನೂ ಇಲ್ಲೇ ಅದಾರ" ಎಂದರು ಮಗಳು. "ಇನ್ನೊಮ್ಮೆ ಹೇಳ್ರಿ ಆಂಟಿ. ಈ ಸಲ ನಗಿ ಬರದಂಗ ಹೇಳ್ರಿ."

ಮೈಕು ಆರಿಸಿದ್ದರು. ಮತ್ತೆ ಹಾಕಿಸಿದೆ. ನನ್ನನ್ನು ಕಂಡ ಕೂಡಲೇ ಜನರ ಮುಖ ಅರಳಿತು. ಇಬ್ಬರು ಕುರ್ಚಿ ಎಳೆದುಕೊಂಡು ಕೂತರು. ನಾನು ಎರಡೂ ಕೈಯಲ್ಲಿ ಮೈಕಿನ ಕಂಬ ಹಿಡಿದುಕೊಂಡೆ, ಅವು ಏನನ್ನೂ ಮಾಡಿ ತೋರಿಸದಿರಲಿ ಎಂದು. ಪೊಟ್ಟಣ ಯಾಕೆ ಕೇಳಿದೆ, ಅವರು ಕೊಡುವಾಗ ಏನು ಹೇಳಿದರು, ಎಷ್ಟು ಹೊತ್ತಿಗೆ ಕಡ್ಡಿ ಗೀರಿದೆ, ಮೈದಾನದಲ್ಲಿ ಯಾರ ಹಿಂದೆ ನಿಂತೆ, ಅವರ ಕೆಲಸ ಯಾರಿಗೆ ಹೋಯಿತು, ಅವರ ಮನೆಯಲ್ಲಿ ಅದರಿಂದ ಏನಾಯಿತು, ಒಂದಾದ ಮೇಲೆ ಒಂದು ಹೇಳಿದೆ. ತೊದಲಿದೆ. ಎರಡು ಕಡೆ ಹಿಂದಕ್ಕೆ ಹೋಗಿ ತಿದ್ದಿಕೊಂಡೆ. ಮೊದಲಿಗೆ ಯಾರೋ ನಕ್ಕರು, ಪಕ್ಕದವರ ಮುಖ ನೋಡಿ ನಿಲ್ಲಿಸಿದರು. ಅಧ್ಯಕ್ಷರು ಕೈಯಲ್ಲಿದ್ದ ಬಿಸ್ಕತ್ತನ್ನು ತಟ್ಟೆಗೆ ವಾಪಸು ಇಟ್ಟರು.

ಅಷ್ಟು ಕೆಟ್ಟದಾಗಿ ನಾನು ಯಾವ ಕತೆಯನ್ನೂ ಹೇಳಿರಲಿಲ್ಲ. ಮುಗಿದಾಗ ಯಾರೂ ಚಪ್ಪಾಳೆ ತಟ್ಟಲಿಲ್ಲ.